ಬದಲಾವಣೆ ಇಲ್ಲ

"ಬಾಡಿಗೆ ಕೊಡೋಕಾಗದೆ ಗೋಡೆ ಹಾರಿ ಓಡಿಹೋದವನು, ಈಗ ಬಾಡಿಗೆ ಎಷ್ಟು ಅಂತ ಕೇಳೋಕೆ ಬಂದಿದ್ದಾನೆ. ನೋಡಿಕೊಳ್ರಪ್ಪಾ, ಮುಖ ಚೆನ್ನಾಗಿ ನೋಡಿಕೊಳ್ಳಿ," ಎಂದಳು ಬೀಗದಮ್ಮ.

ನಲ್ಲಿಯ ಮುಂದೆ ಬಕೆಟ್ ಹಿಡಿದು ನಿಂತಿದ್ದ ಹುಡುಗರು ಏಳೆಂಟು ಮಂದಿ ಒಟ್ಟಿಗೇ ತಿರುಗಿದರು. ಒಬ್ಬ ಬಾಯೊಳಗಿನ ಬ್ರಷ್ಷು ತೆಗೆಯದೆಯೇ ನಕ್ಕ, ನೊರೆ ಗದ್ದಕ್ಕಿಳಿಯಿತು. ಅಂಗಳದ ನಡುವೆ, ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದ ಅವನಿಗೆ ತನ್ನ ಕಿವಿಗಳು ಕಾಯುತ್ತಿರುವುದು ಗೊತ್ತಾಯಿತು. ಜೊತೆಗೆ ಇನ್ನೊಂದು ವಿಚಿತ್ರವೂ ಗೊತ್ತಾಯಿತು. ಬೀಗದಮ್ಮನ ದನಿ, ನಾಲ್ಕು ತಿಂಗಳಿಂದ ಅವನು ತಲೆಯೊಳಗೆ ಕೇಳಿಸಿಕೊಳ್ಳುತ್ತಿದ್ದ ದನಿಗಿಂತ ಸಣ್ಣದಾಗಿತ್ತು. ತಲೆಯೊಳಗಿನ ಬೀಗದಮ್ಮ ಬೀದಿಗೇ ಬಂದು ನಿಲ್ಲುತ್ತಿದ್ದಳು, ಅಕ್ಕಪಕ್ಕದವರನ್ನು ಕೂಗಿ ಕರೆಯುತ್ತಿದ್ದಳು, ಅಂಗಿಯ ಕಾಲರಿಗೇ ಕೈ ಹಾಕುತ್ತಿದ್ದಳು, ಸೊಂಟದ ಬೀಗದ ಕೈ ಗೊಂಚಲು ಗಂಟೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಇಲ್ಲಿ ಕೂತಿದ್ದವಳು ಮೊಣಕಾಲು ನೋವಿನ ಮುದುಕಿ. ಮಣೆಯ ಮೇಲೆ ಕಾಲು ಚಾಚಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಬೈಯುವಾಗಲೂ ಕೈ ನಿಂತಿರಲಿಲ್ಲ.

"ಮಾತಾಡೋ. ಆಗಂತೂ ಬಾಯಿರಲಿಲ್ಲ, ಈಗಾದರೂ ಬಂದಿದೆಯಾ?"

"ಆಫೀಸಿಂದ ಬಂದಿದ್ದೀನಮ್ಮ. ಬೆಲೆ ಬರಕೊಳ್ಳೋಕೆ."

"ಓಹೋ, ಆಫೀಸು. ನಿನ್ನ ಹೆಸರಲ್ಲಿ ಎರಡು ತಿಂಗಳ ಬಾಕಿ ಇದೆಯಲ್ಲ, ಅದನ್ನ ಬರಕೊಂಡಿದ್ದಾರಾ ಆ ಆಫೀಸಲ್ಲಿ?"

ಈ ಸಲ ಎಲ್ಲರೂ ನಕ್ಕರು. ಆದರೆ ಅಷ್ಟರಲ್ಲಿ ಮುಂದಿದ್ದವನ ಬಕೆಟ್ಟು ತುಂಬಿ ಹರಿಯಿತು, ಹಿಂದಿದ್ದವನು "ಏಯ್, ಎತ್ತೋ" ಎಂದು ತಳ್ಳಿದ, ಮುಖಗಳೆಲ್ಲ ನಲ್ಲಿಯ ಕಡೆ ಹೊರಳಿದವು. ಎಂಟು ಗಂಟೆಗೆ ನೀರು ನಿಲ್ಲುತ್ತದೆ. ಅವನ ಮಾನ ಹೋಗುವುದನ್ನು ನೋಡುತ್ತ ನಿಲ್ಲುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಮುಗಿಯಿತು. ಒಂದು ಬಕೆಟ್ ತುಂಬುವಷ್ಟು ಹೊತ್ತು, ಅಷ್ಟೇ. ಅವನಿಗೆ ನಂಬಿಕೆಯೇ ಬರಲಿಲ್ಲ. ಇನ್ನೂ ಏನೋ ಇದೆ, ಬಾಕಿ ಇದೆ ಎಂಬಂತೆ ನಿಂತೇ ಇದ್ದ.

"ಅಲ್ಲೇ ಬರೆದಿದೆಯಲ್ಲ, ಕಣ್ಣಿಲ್ವಾ," ಎಂದಳು ಬೀಗದಮ್ಮ, ಗದ್ದದಲ್ಲೇ ಗೋಡೆ ತೋರಿಸಿ. "ನಾನೇನು ಮುಚ್ಚುಮರೆ ಮಾಡೋಳಲ್ಲ."

ಬಾಗಿಲ ಪಕ್ಕದ ಗೋಡೆಗೆ ಕಪ್ಪು ಬಳಿದ ಹಲಗೆಯೊಂದನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಸೀಮೆಸುಣ್ಣದಲ್ಲಿ ಬರೆದಿತ್ತು: ಇಬ್ಬರ ಕೋಣೆ, ತಲೆಗೆ. ಕೆಳಗೆ ಎರಡು ಸಾವಿರದ ನಾನೂರು, ಅದಕ್ಕೆ ಗೀಟು. ಎರಡು ಸಾವಿರದ ಆರುನೂರು, ಗೀಟು. ಎರಡು ಸಾವಿರದ ಒಂಬೈನೂರು, ಗೀಟು. ಮೂರು ಸಾವಿರದ ಇನ್ನೂರು. ಒಂದೊಂದರ ಪಕ್ಕದಲ್ಲೂ ತಾರೀಖು. ನಾಲ್ಕು ತಿಂಗಳಲ್ಲಿ ಮೂರು ಸಲ. ಬೀಗದಮ್ಮ ಹಳೆಯದನ್ನು ಒರೆಸುವವಳಲ್ಲ. ನನ್ನೊಬ್ಬನಿಗೇ ಏರಿಸಿದ್ದೀರಿ ಎಂದು ಯಾರೂ ತಗಾದೆ ತೆಗೆಯಬಾರದೆಂದು ಗೀಟೆಳೆದು ಹಾಗೇ ಬಿಡುತ್ತಾಳೆ. ಅವನು ಪೆನ್ನು ತೆಗೆದು ಬರೆದುಕೊಂಡ. ಬರೆಯುತ್ತಿರುವಾಗ ಹಲಗೆಯ ಬಲಮೂಲೆಯಲ್ಲಿ, ಬಣ್ಣದ ಅಡಿಯಿಂದಲೂ ಕಾಣುವ ಒಂದು ಉದ್ದ ಗೀರು ಕಣ್ಣಿಗೆ ಬಿತ್ತು. ಬ್ಲೇಡಿನ ಗೀರು. ಮೊದಲ ವರ್ಷದ ಕೊನೆಯ ನಕ್ಷೆಯ ಅಂಚು ಕತ್ತರಿಸುವಾಗ ಕೈ ಜಾರಿ ಅವನೇ ಎಳೆದದ್ದು. ಅವನ ಡ್ರಾಯಿಂಗ್ ಬೋರ್ಡು.

"ಗಟ್ಟಿ ಮರ," ಎಂದಳು ಬೀಗದಮ್ಮ, ಅವನ ಕಣ್ಣು ಎಲ್ಲಿ ನಿಂತಿದೆ ಎಂದು ಗಮನಿಸಿದವಳಂತೆ. "ಬಾಕಿ ತೀರಿಸಿ ತಗೊಂಡು ಹೋಗು, ನಾನೇನು ಬೇಡ ಅಂದಿಲ್ಲ." ಅವನು ಗೇಟಿನ ತನಕ ಹೋದ ಮೇಲೆ ಹಿಂದಿನಿಂದ ಕೇಳಿಸಿತು, ಈಗ ಬರೀ ಅವನಿಗಷ್ಟೇ ಎಂಬ ದನಿಯಲ್ಲಿ: "ಸೊರಗಿ ಹೋಗಿದ್ದೀಯಲ್ಲೋ. ಹೊಟ್ಟೆಗೆ ಸರಿಯಾಗಿ ತಿಂತೀಯೋ ಇಲ್ವೋ." ಮೊದಲಿನದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಬೀದಿಗೆ ಬಂದ. ಬಲ ಮೊಣಕಾಲಿನಲ್ಲಿ ಹಳೆಯ ಗಾಯದ ಕಲೆಯಿದ್ದ ಕಡೆ ತುರಿಸಿದಂತಾಯಿತು. ಆ ಮನೆಯ ಹಿತ್ತಿಲ ಗೋಡೆ ಎತ್ತರವೇನಲ್ಲ, ಆದರೆ ಮೇಲೆ ಗಾಜಿನ ಚೂರು ನೆಟ್ಟಿದ್ದರು. ನಲ್ಲಿಗೆ ನೀರು ಬರುವ ಮೊದಲು, ಹುಡುಗರು ಏಳುವ ಮೊದಲು, ಬಟ್ಟೆಯ ಗಂಟನ್ನು ಆಚೆ ಎಸೆದು ಬೋರ್ಡನ್ನು ಎತ್ತಲಾರದೆ ಅಲ್ಲೇ ಒರಗಿಸಿ ಹಾರಿದ್ದ. ಎರಡನೆಯ ವರ್ಷ, ನಕ್ಷೆ ಬರೆಯುವ ಕೋರ್ಸು, ಇನ್ನು ಎಂಟು ತಿಂಗಳು ತಳ್ಳಿದ್ದರೆ ಕೈಗೊಂದು ಕಾಗದ ಬರುತ್ತಿತ್ತು. ತಳ್ಳುವುದು ಹೇಗೆ? ಸರ್ಕಾರ ಕೊಡುವ ವಿದ್ಯಾರ್ಥಿವೇತನ ಅವನು ಸೇರುವ ಹೊತ್ತಿಗೆ ಒಂಬತ್ತು ವರ್ಷದಿಂದ ಅಷ್ಟೇ ಇತ್ತು. ಒಂಬತ್ತು ವರ್ಷದ ಹಿಂದೆ ಅದರಲ್ಲಿ ಕೋಣೆ, ಎರಡು ಹೊತ್ತಿನ ಊಟ, ಬಸ್ಸಿನ ಪಾಸು, ಪುಸ್ತಕ ಎಲ್ಲ ಮುಗಿದು ತಿಂಗಳಿಗೊಂದು ಸಿನಿಮಾ ಉಳಿಯುತ್ತಿತ್ತಂತೆ. ಅವನ ಕಾಲಕ್ಕೆ ಕೋಣೆಯೂ ಬಸ್ಸೂ ಉಳಿದಿದ್ದವು. ಊಟವನ್ನು ಒಂದು ಹೊತ್ತಿಗೆ ಇಳಿಸಿದ, ಆಮೇಲೆ ಬಸ್ಸು ಬಿಟ್ಟು ನಡೆದ, ಆಮೇಲೆ ತರಗತಿಯಲ್ಲಿ ಕಣ್ಣು ಕತ್ತಲೆ ಬಂದು ಟಿ-ಸ್ಕೇಲಿನ ಮೇಲೇ ತಲೆಯಿಟ್ಟು ಮಲಗಿದ. ಪ್ರಿನ್ಸಿಪಾಲರು ಕರೆದು, "ನೋಡಪ್ಪ, ಎಲ್ಲರೂ ಹೇಗೋ ಹೊಂದಿಸಿಕೊಂಡು ಹೋಗ್ತಾರೆ, ನಿನಗೆ ಮಾತ್ರ ಯಾಕೆ ಆಗಲ್ಲ?" ಎಂದಿದ್ದರು. ಆ 'ನಿನಗೆ ಮಾತ್ರ' ಎಂಬುದು ಎಷ್ಟೋ ದಿನ ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತ್ತು. ಆಗೆಲ್ಲ ಅವನು ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಿದ್ದ. ಎಲ್ಲೋ ದೊಡ್ಡ ಕಟ್ಟಡದಲ್ಲಿ, ಫ್ಯಾನಿನ ಕೆಳಗೆ, ಹೊಟ್ಟೆ ಬಂದ, ತೂಕಡಿಸುವ ಒಬ್ಬ ಗುಮಾಸ್ತ. ವರ್ಷಕ್ಕೊಮ್ಮೆ ಕಡತ ಮುಂದೆ ಬಂದಾಗ ಕಣ್ಣು ತೆರೆಯದೆ 'ಬದಲಾವಣೆ ಇಲ್ಲ' ಎಂದು ಬರೆದು ಮತ್ತೆ ನಿದ್ದೆಹೋಗುವವನು. ಅವನ ಕತ್ತು ಹಿಸುಕುವುದು ಹೇಗೆಂದು ನಡೆಯುವಾಗಲೆಲ್ಲ ಯೋಚಿಸುತ್ತಿದ್ದ.

ಅದಕ್ಕೇ ಈ ಕೆಲಸ ಸಿಕ್ಕಾಗ ಮೈಯೆಲ್ಲ ಉರಿಯುತ್ತಲೇ ಒಪ್ಪಿಕೊಂಡಿದ್ದ. ಹುಡುಗರು, ಹುಡುಗಿಯರು ವಾರಗಟ್ಟಲೆ ರಸ್ತೆಯಲ್ಲಿ ಕೂತ ಮೇಲೆ ಆದೇಶವೊಂದು ಬಂದಿತ್ತು. ವಿದ್ಯಾರ್ಥಿವೇತನವನ್ನು ಜೀವನವೆಚ್ಚಕ್ಕೆ ಗಂಟು ಹಾಕಿದ್ದರು. ಊರೂರಿನಲ್ಲಿ ಜನರನ್ನಿಟ್ಟು ವಿದ್ಯಾರ್ಥಿ ಕೊಳ್ಳುವ ನಲವತ್ತು ವಸ್ತುಗಳ ಬೆಲೆಯನ್ನು ತಿಂಗಳು ತಿಂಗಳು ಬರೆಸುವುದು, ವರ್ಷದ ಕೊನೆಗೆ ಒಟ್ಟು ಬೆಲೆ ನೂರಕ್ಕೆ ಐದರಷ್ಟಾದರೂ ಏರಿದ್ದರೆ ವೇತನವೂ ಅಷ್ಟೇ ಏರುವುದು. ಐದಕ್ಕಿಂತ ಕೂದಲೆಳೆ ಕಡಿಮೆಯಾದರೂ ಮುಂದಿನ ವರ್ಷಕ್ಕೆ. ಬೆಲೆ ಬರೆಯುವವನ ಕೆಲಸಕ್ಕೆ ಓದು ಮುಗಿಸಿರಬೇಕೆಂದಿರಲಿಲ್ಲ. ಅದೇ ಅಂಗಡಿ, ಅದೇ ವಸ್ತು, ಅದೇ ತೂಕ. ಅಂಗಡಿಯವನ ಮಾತು ನಂಬಬಾರದು, ಕಣ್ಣಾರೆ ನೋಡಬೇಕು, ತೂಗಬೇಕು. ಜೇಬಿನಲ್ಲಿ ಕೊಕ್ಕೆ ತಕ್ಕಡಿ ಇಟ್ಟುಕೊಂಡು ತಿರುಗಿದ. ನಾನೂರು ಗ್ರಾಂ ಎಂದು ಬರೆದ ಬ್ರೆಡ್ಡು ಮುನ್ನೂರ ಅರವತ್ತು ತೂಗಿದಾಗ ಬೇಕರಿಯವನ ಮುಖದ ಮುಂದೆಯೇ ಅದನ್ನು ಬರೆದುಕೊಂಡ. "ಬೆಲೆ ಏರಿಸಿಲ್ಲ ಕಣಯ್ಯಾ" ಎಂದವನಿಗೆ "ಬ್ರೆಡ್ಡು ಇಳಿಸಿದ್ದೀರಲ್ಲ" ಎಂದಿದ್ದ. ಸಾಬೂನು ಸವೆಯೋದು ಈಗ ಅಂಗಡಿಯಲ್ಲೇ ಶುರುವಾಗುತ್ತೆ ಎಂದು ಆಫೀಸಿನ ತರಕಾರಿ ಅಕ್ಕ ನಗುತ್ತಿದ್ದಳು. ತರಕಾರಿ, ಹಾಲು, ಮೊಟ್ಟೆಯ ಪಟ್ಟಿ ಅವಳದ್ದು, ಅದಕ್ಕೇ ಆ ಹೆಸರು. ಆಮೇಲೆ ಒಂದು ದಿನ ಕೆಲವು ಪಟ್ಟಿಗಳನ್ನು ಅದಲುಬದಲು ಮಾಡಿದರು. ಬಾಡಿಗೆ ಕೋಣೆಗಳ ಹಾಳೆ ಅವನ ಪಾಲಿಗೆ ಬಂತು. ಊರಲ್ಲಿ ಮೂರು ಮನೆ. ಮೂರನೆಯ ಸಾಲಿನಲ್ಲಿ ಬೀಗದಮ್ಮನ ವಿಳಾಸ.

ಹೋಗದೆ ಇರಲಿಲ್ಲ. ಗೇಟಿನ ತನಕ ಹೋಗಿದ್ದ. ಒಳಗಿನಿಂದ ಬೀಗದ ಕೈಗಳ ಸದ್ದು ಕೇಳಿಸಿತ್ತು, ಅಷ್ಟೇ, ಕಾಲು ತಾನಾಗಿ ತಿರುಗಿತ್ತು. ತಿರುವಿನಲ್ಲಿರುವ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ನಾಳೆ ಬಂದರಾಯಿತು ಎಂದುಕೊಂಡು, ನಾಳೆ ಹಾಳೆ ಒಪ್ಪಿಸಬೇಕಾದ್ದು ನೆನಪಾಗಿ, ಷರಾ ಎಂದಿರುವ ಕಾಲಮ್ಮಿನಲ್ಲಿ ಎರಡು ಪದ ಬರೆದಿದ್ದ. ಅಕ್ಷರ ಎಂದಿನಂತೆ ದುಂಡಗಿತ್ತು. ಒಂದು ತಿಂಗಳಿಗೆ ಏನು ಮಹಾ ಏರೀತು ಎಂದುಕೊಂಡ. ಎರಡನೆಯ ತಿಂಗಳು ಗೇಟಿನ ತನಕ ಹೋಗಲಿಲ್ಲ, ಬೆಂಚಿನ ತನಕ ಹೋದ. ಮೂರನೆಯ ತಿಂಗಳು ಬಸ್ಸಿನಲ್ಲೇ ಬರೆದ. ನಾಲ್ಕನೆಯ ಸಲ ಬೇಕರಿಯ ಮುಂದೆ ನಿಂತು, ಬ್ರೆಡ್ಡನ್ನು ಗ್ರಾಮಿನ ತನಕ ಸರಿಯಾಗಿ ತೂಗಿ ಬರೆದ ಕೈಯಲ್ಲೇ, ಉಸಿರು ತೆಗೆದುಕೊಳ್ಳದೆ ಅದನ್ನೂ ಬರೆದ. ಬದಲಾವಣೆ ಇಲ್ಲ. ಆ ಮಧ್ಯಾಹ್ನ ಬೇಕರಿಯ ಕನ್ನಡಿ ಬೀರುವಿನಲ್ಲಿ ತನ್ನ ಮುಖ ಕಂಡು ತಟ್ಟನೆ ಕಣ್ಣು ತೆಗೆದಿದ್ದ. ಹೊಟ್ಟೆ ಬಂದಿರಲಿಲ್ಲ, ನಿದ್ದೆಗಣ್ಣೂ ಇರಲಿಲ್ಲ, ಆದರೂ.

ಇವತ್ತು ಹೋದದ್ದು ಧೈರ್ಯದಿಂದಲ್ಲ. ನಿನ್ನೆ ಸಂಜೆ ಮೆಟ್ಟಿಲಿಳಿಯುವಾಗ ತರಕಾರಿ ಅಕ್ಕ, "ಉಳಿದ ಊರುಗಳದ್ದೆಲ್ಲ ಬಂದಾಯ್ತಂತೆ, ನಮ್ಮದೊಂದೇ ಬಾಕಿ. ನಮ್ಮ ಹೋದ ತಿಂಗಳ ಅಂಕಿಯನ್ನೇ ಸೇರಿಸಿ ನೋಡಿದ್ರಂತೆ, ನಾಲ್ಕು ಪಾಯಿಂಟ್ ಎಂಟು. ಪಾಪ, ಹುಡುಗರಿಗೆ ಈ ವರ್ಷವೂ ಇಲ್ಲ ಬಿಡು," ಎಂದಿದ್ದಳು. ನಾಲ್ಕು ಪಾಯಿಂಟ್ ಎಂಟು. ರಾತ್ರಿಯೆಲ್ಲ ಆ ಎಂಟು ಕಿವಿಯ ಹತ್ತಿರ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತ್ತು. ಈಗ ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ. ನಲವತ್ತು ವಸ್ತುಗಳಲ್ಲಿ ಕೋಣೆಯ ತೂಕವೇ ಹೆಚ್ಚು, ಊರಿಗೆ ಮೂರೇ ಮನೆ, ಬೀಗದಮ್ಮನ ಮನೆಯೇ ಅವುಗಳಲ್ಲಿ ದೊಡ್ಡದು. ಎರಡು ಸಾವಿರದ ನಾನೂರರ ಜಾಗದಲ್ಲಿ ಮೂರು ಸಾವಿರದ ಇನ್ನೂರು ಇಟ್ಟ. ಐದು ಪಾಯಿಂಟ್ ಒಂದು ಬಂತು. ಅಲುಗಾಡುವ ಬಸ್ಸಿನಲ್ಲಿ ಮತ್ತೊಮ್ಮೆ ಹಾಕಿದ. ಐದು ಪಾಯಿಂಟ್ ಒಂದು. ಸಂತೋಷವಾಗಬೇಕಿತ್ತು, ಟಿಕೆಟ್ಟನ್ನು ಮಡಿಸಿ ಜೇಬಿಗೆ ತುರುಕಿದ. ಆಫೀಸಿನ ನಿಯಮ ನೆನಪಾಯಿತು: ಒಂದೇ ತಿಂಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿದ ಅಂಕಿಯನ್ನು ಕಾರಣ ಬರೆಯದೆ ಹೋದರೆ ತೆಗೆದುಹಾಕುತ್ತಾರೆ. ಕಾರಣ ಬರೆಯಬೇಕಾದ್ದು ಷರಾ ಕಾಲಮ್ಮಿನಲ್ಲೇ.

ಮಧ್ಯಾಹ್ನ ಬೇಕರಿಯಲ್ಲಿ ತೂಗಿದ ಬ್ರೆಡ್ಡನ್ನು ಕೆಳಗಿಡಲು ಮನಸ್ಸಾಗದೆ ಕೊಂಡುಕೊಂಡ. ಅದನ್ನು ಹಿಡಿದು ತಂಗಿಯ ಕಾಲೇಜಿನ ಗೇಟಿಗೆ ಹೋದ. ಅವಳು ರಕ್ತ ಪರೀಕ್ಷೆ ಮಾಡುವ ಕೋರ್ಸಿನ ಎರಡನೆಯ ವರ್ಷದಲ್ಲಿದ್ದಳು, ಅದೇ ಎರಡನೆಯ ವರ್ಷ. ಬಿಳಿ ಕೋಟಿನ ಜೇಬಿಗೆ ಕೈ ತೂರಿಸಿಕೊಂಡು ಮೂವರು ಗೆಳತಿಯರ ಜೊತೆ ಬಂದಳು. ಕೋಟು ಹೆಗಲಲ್ಲಿ ಜೋತುಬಿದ್ದಿತ್ತು. ಹೋದ ವರ್ಷ ಹೊಲಿಸಿದಾಗ ಸರಿಯಾಗಿತ್ತು.

"ಇವನೇ ನಮ್ಮಣ್ಣ," ಎಂದಳು. "ಬೆಲೆ ಬರೆಯೋನು."

"ಅಯ್ಯೋ, ಇವರೇನಾ," ಎಂದಳು ಒಬ್ಬಳು ಗೆಳತಿ. "ಅಣ್ಣಾ, ಸ್ವಲ್ಪ ಕೈ ಉದ್ದ ಮಾಡಿ ಬರೀರಿ. ನೂರಿದ್ದರೆ ನೂರಿಪ್ಪತ್ತು ಅಂತ ಹಾಕಿ, ನಿಮ್ಮ ಗಂಟೇನು ಹೋಗುತ್ತೆ?"

"ನಮ್ಮಣ್ಣ ಸುಳ್ಳು ಬರೆಯಲ್ಲ," ಎಂದಳು ತಂಗಿ. ಹೆಮ್ಮೆಯಿಂದಲೂ ಅಲ್ಲ, ಇವತ್ತು ಶುಕ್ರವಾರ ಎನ್ನುವಷ್ಟು ಸಲೀಸಾಗಿ. "ಒಂದು ಬ್ರೆಡ್ಡಿಗೂ ತಕ್ಕಡಿ ಹಿಡಿಯೋ ಆಸಾಮಿ. ನಾನು ಚಿಕ್ಕವಳಿದ್ದಾಗ ಕಡಲೇಕಾಯಿ ಹಂಚಿದರೂ ಎಣಿಸಿ ಹಂಚುತ್ತಿದ್ದ."

ಗೆಳತಿಯರು ನಕ್ಕರು. ಅವನೂ ನಗಲು ಹೋದ, ತುಟಿ ಒಣಗಿ ಅಂಟಿಕೊಂಡಿತ್ತು. ಬ್ರೆಡ್ಡನ್ನು ಮುಂದೆ ಚಾಚಿದ. ತಂಗಿ ಅಲ್ಲೇ ಪೊಟ್ಟಣ ಹರಿದು ನಾಲ್ಕು ಜನಕ್ಕೂ ಹಂಚಿದಳು; ಯಾರೂ ಬೇಡವೆನ್ನಲಿಲ್ಲ, ನಾಲ್ಕೂ ಜನ ಗೇಟಿನ ಪಕ್ಕ ನಿಂತು ಬರೀ ಬ್ರೆಡ್ಡನ್ನು ಕೊನೆಯ ತುಂಡಿನ ತನಕ ತಿಂದರು. ತಿನ್ನುವುದನ್ನು ನೋಡಬಾರದೆನಿಸಿ ಅವನು ಗೇಟಿನ ಕಬ್ಬಿಣದ ಸರಳುಗಳನ್ನು ಎಣಿಸಿದ. ಗೆಳತಿಯರು ಒಳಗೆ ಹೋದ ಮೇಲೆ ತಂಗಿ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು. ಮುಂದುವರಿಯುತ್ತೇನೆ, ಮುಂದುವರಿಯುವುದಿಲ್ಲ, ಎರಡು ಚೌಕ. ಎರಡೂ ಖಾಲಿ.

"ಸೋಮವಾರ ಕೊಡಬೇಕು," ಎಂದಳು. "ಮಂಚ ಹಂಚಿಕೊಂಡಿದ್ದೀನಲ್ಲ, ಆ ಬೇಕರಿ ಹುಡುಗಿ ಬಿಟ್ಟು ಹೋಗ್ತಾಳಂತೆ. ಅವಳು ಹಗಲು ಮಲಗ್ತಿದ್ದಳು, ನಾನು ರಾತ್ರಿ. ಈಗ ಪೂರ್ತಿ ಮಂಚದ ದುಡ್ಡು ನಾನೇ ಕೊಡಬೇಕು. ಚಿಕ್ಕಮ್ಮ ಅವರ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಮಾತಾಡಿಟ್ಟಿದ್ದಾರೆ, ಒಂದನೇ ತಾರೀಖಿಂದ ಬಾ ಅಂದಿದ್ದಾರೆ." ಹಾಳೆಯನ್ನು ಮತ್ತೆ ಮಡಿಸುತ್ತ, "ಈ ಸಲ ಏರುತ್ತೆ ತಾನೇ ಅಣ್ಣ? ನಿಮ್ಮ ಆಫೀಸಲ್ಲೇ ತಾನೇ ಅದೆಲ್ಲ ಆಗೋದು?" ಎಂದಳು.

"ಸಂಜೆ ಗೊತ್ತಾಗುತ್ತೆ."

"ಏರದಿದ್ದರೂ ಪರವಾಗಿಲ್ಲ. ನಿಜವಾಗ್ಲೂ ಏರಿಲ್ಲ ಅಂತ ಆದರೆ ಏನು ಮಾಡೋಕಾಗುತ್ತೆ. ನೀನೇ ನೋಡಿ ಬರೆದಿರೋದಲ್ವಾ."

ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಕೋಟಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡು ಒಳಗೆ ಹೋದಳು. ಅವನು ಆಫೀಸಿನ ಕಡೆ ನಡೆದ. ದಾರಿಯುದ್ದಕ್ಕೂ ಸಿಟ್ಟಿಗೆ ಒಂದು ತಲೆ ಹುಡುಕುತ್ತಿದ್ದ. ಬೀಗದಮ್ಮನ ತಲೆ ಸಿಕ್ಕಿತು, ಆದರೆ ಅವಳು ಸತ್ಯವನ್ನು ತಾರೀಖು ಸಹಿತ ಗೋಡೆಗೆ ಹೊಡೆದಿದ್ದಳು. ಆದೇಶ ಬರೆದವರ ತಲೆ ಸಿಕ್ಕಿತು: ಐದಂತೆ, ನಾಲ್ಕು ಮುಕ್ಕಾಲು ಹಸಿವು ಹಸಿವಲ್ಲವಂತೆ. ಅದು ಸ್ವಲ್ಪ ದೂರ ಜೊತೆಗೆ ಬಂತು. ಪ್ರಿನ್ಸಿಪಾಲರು, ಬೇಕರಿಯವನು, ಎದುರಿಗೆ ಬಂದ ಸೈಕಲ್ಲಿನವನು. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಕಲ್ಲುಬೆಂಚಿನ ಮೇಲೆ ಕೂತ ಒಬ್ಬನು ಉಳಿದ. ದುಂಡಗಿನ ಅಕ್ಷರದವನು.

ಆಫೀಸೆಂದರೆ ಉದ್ದನೆಯ ಒಂದು ಕೋಣೆ. ಫ್ಯಾನಿತ್ತು, ಹಾಳೆ ಹಾರುತ್ತವೆಂದು ಹಾಕುತ್ತಿರಲಿಲ್ಲ. ಮೇಲ್ವಿಚಾರಕರನ್ನು ಎಲ್ಲರೂ ಹಿಂದಿನಿಂದ ದಶಮಾಂಶ ಎನ್ನುತ್ತಿದ್ದರು. ಮನುಷ್ಯ ಕೆಟ್ಟವರಲ್ಲ, ಸ್ವರ ಏರಿಸಿದವರಲ್ಲ, ಬಿಂದುವಿನ ಆಚೆ ಎರಡು ಅಂಕಿ ಇಲ್ಲದೆ ಬಾಯಿ ಬಿಡುವವರೂ ಅಲ್ಲ. ಜ್ವರ ಬಂದಾಗ ರಜೆಯ ಚೀಟಿಯಲ್ಲಿ ನೂರೊಂದು ಪಾಯಿಂಟ್ ನಾಲ್ಕು ಸೊನ್ನೆ ಎಂದು ಬರೆದಿದ್ದರಂತೆ. ಹಾಳೆ ಒಪ್ಪಿಸುವ ದಿನ ಅಲ್ಲಿ ಒಂದು ಪದ್ಧತಿ. ಬೆಲೆ ಬರೆಯುವವರೆಲ್ಲ ಗೋಡೆಗುಂಟ ಕುರ್ಚಿ ಹಾಕಿಕೊಂಡು ಕೂರಬೇಕು. ಒಬ್ಬರು ಎಲ್ಲರ ಹಾಳೆಗಳನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಬೇಕು, ದಶಮಾಂಶ ದೊಡ್ಡ ಪುಸ್ತಕದಲ್ಲಿ ಹಿಂದಿನ ತಿಂಗಳ ಅಂಕಿಯ ಜೊತೆ ತಾಳೆ ನೋಡಿ ಸೀಸದಕಡ್ಡಿಯಲ್ಲಿ ಗುರುತು ಹಾಕುತ್ತ ಹೋಗಬೇಕು. ಓದುವ ದನಿ ತರಕಾರಿ ಅಕ್ಕನದ್ದು. ಎಷ್ಟು ಓದಿದರೂ ಏರಿಳಿಯದ, ಬಸ್ಸು ಹೊರಡುವುದನ್ನು ಸಾರುವಂಥ ದನಿ.

ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಅವನು ಹಾಳೆಯನ್ನು ಮೇಜಿನ ಮೇಲಿಟ್ಟಾಗ ದಶಮಾಂಶ ಓದಿಗೆ ಮೊದಲೇ ಒಮ್ಮೆ ಕಣ್ಣಾಡಿಸಿದರು. ಸೀಸದಕಡ್ಡಿ ಮೂರನೆಯ ಮನೆಯ ಮೇಲೆ ನಿಂತಿತು.

"ಇದೇನಯ್ಯಾ. ನೂರಕ್ಕೆ ಮೂವತ್ತಮೂರು ಪಾಯಿಂಟ್ ಮೂರು ಮೂರು. ಒಂದೇ ತಿಂಗಳಲ್ಲಾ?"

"ಕಣ್ಣಾರೆ ನೋಡಿದ್ದೀನಿ ಸಾರ್."

"ನೋಡಿರ್ತೀಯ, ನಾನೇನು ಇಲ್ಲ ಅಂದೆನಾ. ಆದರೆ ನಾಲ್ಕು ತಿಂಗಳು ಮಿಸುಕಾಡದ ಬಾಡಿಗೆ ಒಂದು ದಿನ ಎದ್ದು ಕುಣಿಯಿತು ಅಂದರೆ ಮೇಲಿನವರು ಒಪ್ತಾರಾ? ಕಾರಣ ಕೇಳ್ತಾರೆ." ಅವರು ದನಿ ತಗ್ಗಿಸಿದರು. ಅದು ನಿಜವಾದ ದಯೆಯಾಗಿತ್ತು, ಅದೇ ಕಷ್ಟ. "ಈ ಸಲ ಬದಲಾವಣೆ ಇಲ್ಲ ಅಂತ ಹಾಕಿಬಿಡು. ಮುಂದಿನ ತಿಂಗಳಿಂದ ಇನ್ನೂರು ಇನ್ನೂರು ಏರಿಸಿಕೊಂಡು ಹೋದರೆ ಯಾರ ಕಣ್ಣಿಗೂ ಬೀಳಲ್ಲ. ನಿನಗೂ ತಲೆನೋವಿಲ್ಲ, ನನಗೂ ಇಲ್ಲ."

ಹಾಳೆಯನ್ನು ಅವನ ಕಡೆ ತಳ್ಳಿ ಬಿಸಿನೀರಿನ ಲೋಟ ಎತ್ತಿಕೊಂಡರು. ಅವನು ಗೋಡೆಯ ಬಳಿ ಕುರ್ಚಿಯಲ್ಲಿ ಕೂತು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಮುಂದಿನ ತಿಂಗಳು ಎಂದರೆ ಮುಂದಿನ ವರ್ಷ. ಸೋಮವಾರ ಎರಡು ಚೌಕಗಳಲ್ಲಿ ಎರಡನೆಯದು. ಸುಳ್ಳು ಕಾರಣ ಬರೆದರೆ? ಮನೆ ರಿಪೇರಿ ಮಾಡಿಸಿದರು, ಹೊಸ ಮಂಚ ಹಾಕಿಸಿದರು. ಮೇಲಿನಿಂದ ಯಾರಾದರೂ ಹೋಗಿ ನೋಡಿದರೆ ಗೋಡೆಯ ಮೇಲೆ ತಾರೀಖುಗಳಿವೆ, ಅವನದೇ ಬೋರ್ಡಿನ ಮೇಲೆ. ಆಮೇಲೆ ಅಂಕಿಯನ್ನು ಯಾರೂ ನಂಬುವುದಿಲ್ಲ. ನಿಜ ಬರೆದರೆ ಕೆಲಸ ಹೋಗುತ್ತದೆ. ಇಲ್ಲೂ ಲೆಕ್ಕ ಬೆನ್ನು ಬಿಡಲಿಲ್ಲ: ತಂಗಿಗೆ ಬರುವುದು ತಿಂಗಳಿಗೆ ಆರು ಸಾವಿರ, ಐದು ಪಾಯಿಂಟ್ ಒಂದು ಏರಿದರೆ ಮುನ್ನೂರಕ್ಕೆ ಸ್ವಲ್ಪ ಮೇಲೆ. ಅವನು ತನ್ನ ಸಂಬಳದಲ್ಲಿ ಅವಳಿಗೆ ಕಳಿಸುತ್ತಿದ್ದದ್ದು ಐನೂರು. ಅಂದರೆ ನಿಜ ಬರೆದರೆ ಅವಳಿಗೆ ನಷ್ಟ. ಅವನಿಗೆ ನಗು ಬಂತು, ಪಕ್ಕದವನು ತಿರುಗಿ ನೋಡುವಷ್ಟು. ಗೇಟಿನ ಪಕ್ಕ ಬ್ರೆಡ್ಡು ತಿಂದ ಇನ್ನೂ ಮೂವರಿದ್ದರು, ಅವರಿಗೆ ಐನೂರು ಕಳಿಸುವ ಅಣ್ಣಂದಿರಿದ್ದಾರೋ ಇಲ್ಲವೋ. ಬೆಳಿಗ್ಗೆ ನೊರೆ ಸುರಿಸುತ್ತ ನಕ್ಕವನಿದ್ದ; ಇನ್ನೆರಡು ತಿಂಗಳಲ್ಲಿ ಅವನೂ ಹಿತ್ತಿಲ ಗೋಡೆಯ ಗಾಜು ಎಲ್ಲಿ ಕಡಿಮೆಯಿದೆ ಎಂದು ನೋಡಿಟ್ಟುಕೊಳ್ಳುತ್ತಾನೆ. ನಗಲಿ, ನಗುವಷ್ಟು ದಿನ. ಷರಾ ಕಾಲಮ್ಮು ಎರಡು ಪದಕ್ಕೆ ಸರಿಯಾಗುವಷ್ಟೇ ಅಗಲವಿತ್ತು. ಅವನು ಸಣ್ಣಕ್ಷರದಲ್ಲಿ, ಅಂಚಿನ ತನಕ, ಕೆಳಗಿನ ಸಾಲಿಗೂ ಇಳಿಸಿ ಬರೆದ. ಅಕ್ಷರ ಈ ಸಲ ದುಂಡಗೆ ಬರಲಿಲ್ಲ. ಬರೆದು ಹಾಳೆಯನ್ನು ಓದುವ ರಾಶಿಯ ನಡುವೆ ತೂರಿಸಿದ.

ತರಕಾರಿ ಅಕ್ಕ ಓದಿದಳು. ಮೊದಲು ಬೇರೆಯವರದ್ದು, ಆಮೇಲೆ ಅವನದು. "ಬ್ರೆಡ್ಡು, ನಾನೂರು ಗ್ರಾಂ, ತೂಗಿದ್ದು ಮುನ್ನೂರ ಐವತ್ತೈದು. ಸಾಬೂನು, ನೂರು ಗ್ರಾಂ, ತೂಗಿದ್ದು ತೊಂಬತ್ತು. ನೋಟ್‌ಬುಕ್ಕು, ಇನ್ನೂರು ಪುಟ, ಎಣಿಸಿದ್ದು ನೂರ ಎಂಬತ್ತನಾಲ್ಕು." ಸೀಸದಕಡ್ಡಿ ಟಿಕ್ ಟಿಕ್ ಎಂದಿತು. "ಕೋಣೆ, ಇಬ್ಬರದ್ದು, ತಲೆಗೆ. ಮೊದಲನೆ ಮನೆ, ಎರಡು ಸಾವಿರದ ಐನೂರು. ಎರಡನೆ ಮನೆ, ಎರಡು ಸಾವಿರದ ಐನೂರ ಐವತ್ತು. ಮೂರನೆ ಮನೆ, ಮೂರು ಸಾವಿರದ ಇನ್ನೂರು. ಷರಾ." ಓದುವ ಅಭ್ಯಾಸದ ಓಟದಲ್ಲೇ, ಅರ್ಥ ತಲೆಗೆ ಹೋಗುವ ಮೊದಲೇ, ಅದೇ ದನಿಯಲ್ಲಿ ಓದಿಬಿಟ್ಟಳು: "ನಾಲ್ಕು ತಿಂಗಳು ನಾನು ಈ ಮನೆಗೆ ಹೋಗಿರಲಿಲ್ಲ. ಹೋಗದೆ ಬರೆದೆ. ಏರಿದ ತಾರೀಖುಗಳು ಮನೆಯ ಗೋಡೆಯ ಮೇಲಿವೆ, ಯಾರು ಬೇಕಾದರೂ ನೋಡಬಹುದು." ಕೊನೆಯ ಪದದ ಹೊತ್ತಿಗೆ ದನಿ ನಿಂತಿತು. ಸೀಸದಕಡ್ಡಿಯೂ.

ಯಾರೂ ನಗಲಿಲ್ಲ. ಬೆಳಿಗ್ಗೆಯ ಅಂಗಳದಲ್ಲಿ ಎಲ್ಲರೂ ಅವನನ್ನೇ ನೋಡಿದ್ದರು. ಇಲ್ಲಿ ಯಾರೂ ಅವನ ಕಡೆ ನೋಡಲಿಲ್ಲ. ಪಕ್ಕದವನು ತನ್ನ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡ. ಬಸ್ಸು, ಸಿನಿಮಾ ಪಟ್ಟಿಯವನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದ. ತರಕಾರಿ ಅಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅವಳ ಕಣ್ಣು ಅದೇ ರಾಶಿಯಲ್ಲಿದ್ದ ತನ್ನ ಹಾಳೆಗಳ ಕಡೆ ಹೋಗಿ ಬಂದದ್ದು ಅವನಿಗೆ ಕಂಡಿತು. ಅಯ್ಯೋ, ನೀನೂ ಏನಕ್ಕಾ, ಎನಿಸಿತು.

ದಶಮಾಂಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಕಣ್ಣು ಈಗಷ್ಟೇ ಎದ್ದವರ ಕಣ್ಣಿನಂತಿತ್ತು. ಮತ್ತೆ ಕನ್ನಡಕ ಹಾಕಿಕೊಂಡು ಸೀಸದಕಡ್ಡಿ ಎತ್ತಿ, ಎರಡು ಸಾವಿರದ ನಾನೂರರ ಮುಂದೆ ಮೂರು ಸಾವಿರದ ಇನ್ನೂರನ್ನು ಬರೆದರು. ಅಕ್ಷರ ಬಿಡಿಸಿ, ಒತ್ತಿ ಬರೆದರು.

"ಕಾರಣ ಇದೆ, ಸಹಿ ಇದೆ. ಇದನ್ನ ತೆಗೆದುಹಾಕೋಕೆ ನನಗೆ ಬರಲ್ಲ," ಎಂದರು. "ಅಂಕಿ ಹೋಗುತ್ತೆ ಮೇಲಕ್ಕೆ. ನೀನು ನಾಳೆಯಿಂದ ಬರಬೇಡ. ಅದು ಗೊತ್ತಿದ್ದೇ ಬರೆದಿದ್ದೀಯ ಅಂದುಕೊಳ್ತೀನಿ."

ಅವನು ಎದ್ದ. ಜೇಬಿನಿಂದ ಕೊಕ್ಕೆ ತಕ್ಕಡಿ ತೆಗೆದು ಮೇಜಿನ ಮೇಲಿಟ್ಟ. ಮುಳ್ಳು ಒಂದೆರಡು ಸಲ ತೊನೆದು ಸೊನ್ನೆಗೆ ಬಂತು.

"ಒಂದೇ ಒಂದು ಮಾತು," ಎಂದರು ದಶಮಾಂಶ, ಎಲ್ಲರ ಮುಂದೆ. ಅವರ ದನಿ ಮೊದಲ ಸಲ ಏರಿತ್ತು, ಅದರಲ್ಲಿ ಸಿಟ್ಟಿಗಿಂತ ಅರ್ಥವಾಗದ ಸಂಕಟವೇ ಹೆಚ್ಚಿತ್ತು. "ಮಳೆ ಬಿಸಿಲೆನ್ನದೆ ಬ್ರೆಡ್ಡಿಗೂ ತಕ್ಕಡಿ ಹಿಡಿದು ತಿರುಗಿದವನು ನೀನು. ಆ ಮನೆ ಇಲ್ಲಿಂದ ಹತ್ತು ನಿಮಿಷದ ದಾರಿ. ಯಾಕಯ್ಯಾ ಹೋಗಲಿಲ್ಲ?"

ಹೇಳಬಹುದಿತ್ತು. ಗಾಜಿನ ಚೂರು, ಬೀಗದ ಕೈಗಳ ಸದ್ದು, ನಿನಗೆ ಮಾತ್ರ ಯಾಕೆ ಆಗಲ್ಲ ಎಂದವರ ಮುಖ, ಬಣ್ಣದ ಅಡಿಯ ಗೀರು. ಒಂದು ಬಕೆಟ್ ತುಂಬುವಷ್ಟು ಹೊತ್ತು ನಿಲ್ಲಬೇಕಾಗಿತ್ತು, ನಿಲ್ಲಲಾಗಲಿಲ್ಲ. ಬಾಯಿ ತೆರೆದರೆ ಅದು ಎಷ್ಟು ಚಿಕ್ಕದಾಗಿ ಕೇಳಿಸುತ್ತದೆಂದು ಅವನಿಗೆ ಗೊತ್ತಿತ್ತು. ಗೋಡೆಗುಂಟ ಕೂತವರೆಲ್ಲ ಈಗ ತಲೆಯೆತ್ತಿದ್ದರು, ಅವನು ಏನೆನ್ನುತ್ತಾನೋ ಅದು ತಮಗೂ ಉಪಯೋಗಕ್ಕೆ ಬಂದೀತೆಂಬಂತೆ. ಅವನು ಬಾಗಿಲ ಕಡೆ ತಿರುಗಿದ. ಹೊಸ್ತಿಲು ದಾಟಿದ, ಮೆಟ್ಟಿಲಿಗೆ ಕಾಲಿಟ್ಟ. ಎರಡನೆಯ ತಿರುವಿನಲ್ಲಿದ್ದಾಗ ಮೇಲೆ ಯಾರೋ ಕುರ್ಚಿ ಎಳೆದ ಸದ್ದಾಯಿತು, ದಶಮಾಂಶ ಕೆಮ್ಮಿದರು, ಆಮೇಲೆ ತರಕಾರಿ ಅಕ್ಕನ ದನಿ ತಡವರಿಸಿ ಮತ್ತೆ ದಾರಿಗೆ ಬಂತು. "ಮುಂದಿನದು. ಮೊಟ್ಟೆ, ಡಜನ್." ಅವಳದೇ ಪಟ್ಟಿ. ಅಲ್ಲಿಗೆ ಮತ್ತೆ ನಿಂತಿತು. ಅವಳು ಏನು ಓದುತ್ತಾಳೆಂದು ಕೇಳಲು ಅವನು ನಿಲ್ಲಲಿಲ್ಲ. ಬೀದಿಗಿಳಿದು ನಡೆದ.